ಚಿಕ್ಕಪ್ಪ ಕೊಟ್ಟ ಸಿನಿಮಾ ಪೆಟ್ಟಿಗೆ: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಮ್ಮ ಚಿಕ್ಕಪ್ಪ ತುಂಬಾ ವರ್ಷ ಅಮೆರಿಕದಲ್ಲಿದ್ದು ಹೋದ ವರ್ಷ ದಾವಣಗೆರೆಗೆ ವಾಪಸ್ ಬಂದರು. ತಮ್ಮ ಸಿನಿಮಾ ಡಿಸ್ಕ್‌ಗಳ ಪೆಟ್ಟಿಗೆಯನ್ನು ನನಗೆ ಕೊಟ್ಟಿದ್ದಾರೆ. ಡಿವಿಡಿ, ಬ್ಲೂ-ರೇ ಸೇರಿ ಎಪ್ಪತ್ತರ ಹತ್ತಿರ ಇವೆ. ಪಟ್ಟಿ ಜೊತೆಗಿಟ್ಟಿದ್ದೇನೆ. ಜಪಾನ್, ಇರಾನ್, ಸ್ವೀಡನ್, ರಷ್ಯಾ, ಫ್ರಾನ್ಸ್, ಹೀಗೆ ಎಲ್ಲಾ ಕಡೆಯವೂ ಇವೆ. ಸತ್ಯಜಿತ್ ರಾಯ್ ಅವರ ಮೂರು ಸಿನಿಮಾಗಳ ಸೆಟ್ಟೂ ಇದೆ. ಕೆಲವು ಕೇಸ್‌ಗಳ ಒಳಗೆ ಚಿಕ್ಕಪ್ಪ ಬರೆದಿಟ್ಟ ಸಣ್ಣ ಚೀಟಿಗಳಿವೆ. ನಮ್ಮ ಪ್ಲೇಯರಿನಲ್ಲಿ ಬಹಳಷ್ಟು ಓಡುವುದೇ ಇಲ್ಲ. ಓಡಿದ್ದರಲ್ಲಿ ಒಂದು ರಷ್ಯನ್ ಸಿನಿಮಾ ಹಾಕಿದೆ, ನಲವತ್ತು ನಿಮಿಷಕ್ಕೆ ನಿದ್ದೆ ಬಂತು. ಎಲ್ಲಿಂದ ಶುರು ಮಾಡಲಿ? ಈಗ ಎಲ್ಲಾ ಆನ್‌ಲೈನಲ್ಲೇ ಸಿಗುತ್ತಲ್ಲ, ಇವನ್ನೆಲ್ಲ ಇಟ್ಟುಕೊಳ್ಳುವ ಅಗತ್ಯ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಟ್ಟುಕೊಳ್ಳಿ. ಒಂದನ್ನೂ ಯಾರಿಗೂ ಕೊಡಬೇಡಿ. ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಸಿಕ್ಕಿದ್ದನ್ನೆಲ್ಲ ರಾಶಿ ಹಾಕಿದ ಸಂಗ್ರಹ ಇದಲ್ಲ. ನಿಮ್ಮ ಚಿಕ್ಕಪ್ಪ ಯೋಚನೆ ಮಾಡಿ ಒಂದೊಂದಾಗಿ ಆರಿಸಿ ತಂದಿದ್ದಾರೆ.

ನಿದ್ದೆ ಬಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಪಟ್ಟಿಯಲ್ಲಿರುವ ಒಂದೇ ರಷ್ಯನ್ ಸಿನಿಮಾ ನಿರ್ದೇಶಕ ತಾರ್ಕೋವ್‌ಸ್ಕಿಯ ‘ಸ್ಟಾಕರ್’. 1979ರದ್ದು, 163 ನಿಮಿಷ. ಒಂದೊಂದು ಶಾಟ್ ನಿಮಿಷಗಟ್ಟಲೆ ಕದಲುವುದಿಲ್ಲ. ನನಗೆ ತುಂಬಾ ಇಷ್ಟದ ಸಿನಿಮಾ ಅದು. ಆದರೆ ಸಂಗೀತ ಪಾಠಕ್ಕೆ ಸೇರಿದ ದಿನವೇ ಸರಳೆ ವರಸೆ ಬಿಟ್ಟು ಪಲ್ಲವಿಗೆ ಕೂತರೆ ಯಾರಿಗೆ ತಾನೆ ಒಗ್ಗುತ್ತದೆ? ಅದನ್ನು ಒಂದು ವರ್ಷ ಪಕ್ಕಕ್ಕಿಡಿ. ಅದು ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಮನೆಯಲ್ಲೇ ಇರುತ್ತದೆ. ಸ್ವಂತ ಡಿಸ್ಕ್ ಇದ್ದರೆ ಇರುವ ಮೊದಲ ಅನುಕೂಲವೇ ಇದು.

ಈಗ ಓಡದೆ ಇರುವ ಡಿಸ್ಕ್‌ಗಳ ವಿಷಯ. ಅವು ಹಾಳಾಗಿಲ್ಲ. ಡಿವಿಡಿ ಕಂಪನಿಗಳು ಜಗತ್ತನ್ನು ರೀಜನ್‌ಗಳಾಗಿ ಹಂಚಿಕೊಂಡಿವೆ. ಅಮೆರಿಕ, ಕೆನಡಾ ರೀಜನ್ 1. ಯುರೋಪ್, ಜಪಾನ್ 2. ನಮ್ಮ ದೇಶ 5. ಬ್ಲೂ-ರೇಗೆ ಬೇರೆ ಲೆಕ್ಕ: ಅಮೆರಿಕ ಎ, ಯುರೋಪ್ ಬಿ, ಭಾರತ ಸಿ. ಅಲ್ಲಿ ಕೊಂಡ ಡಿಸ್ಕ್ ಇಲ್ಲಿನ ಪ್ಲೇಯರಿಗೆ ಹಾಕಿದರೆ ಬೀಗ ಬಿದ್ದ ಹಾಗೆ. 4ಕೆ ಡಿಸ್ಕ್‌ಗಳಿಗೆ ಮಾತ್ರ ಈ ಬೀಗ ಇಲ್ಲ, ಆದರೆ ಅವಕ್ಕೆ 4ಕೆ ಪ್ಲೇಯರೇ ಬೇಕು.

ಡಿವಿಡಿಗಳಿಗೆ ಸುಲಭದ ದಾರಿ ಇದೆ. ಕಂಪ್ಯೂಟರಿಗೆ ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ಸಿಕ್ಕಿಸಿ, ವಿಎಲ್‌ಸಿ ಪ್ಲೇಯರ್ ಅನ್ನೋ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿ. ಸಾಮಾನ್ಯವಾಗಿ ಓಡುತ್ತದೆ. ಡ್ರೈವ್ ‘ರೀಜನ್ ಬದಲಾಯಿಸಲಾ?’ ಅಂತ ಕೇಳಿದರೆ ಸುಮ್ನೆ ಒತ್ತುತ್ತಾ ಹೋಗಬೇಡಿ. ಐದು ಸಲ ಮಾತ್ರ ಬದಲಾಯಿಸಬಹುದು, ಆಮೇಲೆ ಅದು ಖಾಯಂ. ಬ್ಲೂ-ರೇಗೆ ಮಲ್ಟಿ ರೀಜನ್ ಪ್ಲೇಯರ್ ಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ. ‘ಎಲ್ಲಾ ರೀಜನ್ ಓಡುತ್ತೆ ಸಾರ್’ ಅಂತ ಒಂದು ಅಂಗಡಿಯವರು ಹೇಳಿದ್ದನ್ನು ನಂಬಿ ನಾನೊಂದು ಪ್ಲೇಯರ್ ತಂದೆ. ಡಿವಿಡಿ ಎಲ್ಲಾ ಓಡಿತು, ಬ್ಲೂ-ರೇ ಒಂದೂ ಓಡಲಿಲ್ಲ. ಆದ್ದರಿಂದ ಅಂಗಡಿಗೆ ಹೋಗುವಾಗ ಚಿಕ್ಕಪ್ಪನ ಒಂದು ಬ್ಲೂ-ರೇ ಕೈಯಲ್ಲೇ ತೆಗೆದುಕೊಂಡು ಹೋಗಿ. ಅಲ್ಲೇ ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಚಿಕ್ಕಪ್ಪ ಅಮೆರಿಕದ ಪ್ಲೇಯರನ್ನೇ ತಂದಿದ್ದರೆ ಅದನ್ನು ನೇರವಾಗಿ ನಮ್ಮ ಪ್ಲಗ್‌ಗೆ ಹಾಕಬೇಡಿ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಪ್ಲೇಯರ್ ಹಿಂದೆ ಬರೆದಿರುವುದನ್ನು ಓದಿ, ಬೇಕಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಟಿವಿಯಲ್ಲೂ ಎರಡು ಕೆಲಸ ಮಾಡಿ. ಚಲನೆಯನ್ನು ನಯ ಮಾಡುವ ಸೆಟ್ಟಿಂಗ್ ಒಂದಿರುತ್ತದೆ, ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ ಯಾವ ಸಿನಿಮಾ ಹಾಕಿದರೂ ಧಾರಾವಾಹಿ ಥರ ಕಾಣುತ್ತದೆ. ಇನ್ನೊಂದು, ಚಿತ್ರ ಹಿಗ್ಗಿಸುವ ಜೂಮ್ ಆಫ್ ಮಾಡಿ. 1950ಕ್ಕಿಂತ ಹಿಂದಿನ ಬಹುತೇಕ ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಆಮೇಲೂ ಎಷ್ಟೋ ನಿರ್ದೇಶಕರು ಅದನ್ನು ಬಿಡಲಿಲ್ಲ. ಈಗಿನ ಅಗಲದ ಟಿವಿಯಲ್ಲಿ ಎಡಬಲ ಕಪ್ಪು ಪಟ್ಟಿ ಬರುತ್ತದೆ. ಬರಲಿ ಬಿಡಿ. ಅದನ್ನು ತುಂಬಿಸಲು ಹೋದರೆ ಜನರ ತಲೆ ಕತ್ತರಿಸಿ ಹೋಗುತ್ತದೆ.

ಇನ್ನು ಮುಖ್ಯ ವಿಷಯ. ಮೊದಲು ಯಾವುದು?

ನಾನು ರಾಯ್ ಅಥವಾ ಜಪಾನಿನ ಕುರೊಸಾವಾ ಅಂತ ಹೇಳುತ್ತೇನೆ ಅಂದುಕೊಂಡಿರಬಹುದು. ನಿಮಗೆ ಹೇಳುವುದು ಇರಾನಿನ ಅಬ್ಬಾಸ್ ಕಿಯರೊಸ್ತಾಮಿಯ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’ ನಿಮ್ಮ ಪಟ್ಟಿಯಲ್ಲಿ ‘ಕೋಕರ್ ಟ್ರಿಲಜಿ’ ಅಂತ ಬರೆದಿದ್ದೀರಲ್ಲ, ಆ ಮೂರು ಸಿನಿಮಾಗಳ ಸೆಟ್ಟಿನ ಮೊದಲ ಡಿಸ್ಕ್. 1987ರದ್ದು. ಒಂದೂವರೆ ಗಂಟೆಯೂ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ.

ಕತೆ ಇಷ್ಟೇ. ಒಂದು ಹಳ್ಳಿ ಶಾಲೆ. ನೋಟ್‌ಬುಕ್ಕಿನಲ್ಲಿ ಹೋಂವರ್ಕ್ ಮಾಡಿ ತರದ ಹುಡುಗನಿಗೆ ಮೇಷ್ಟ್ರು ಗದರಿಸುತ್ತಾರೆ, ಇನ್ನೊಂದು ಸಲ ಹೀಗಾದರೆ ಶಾಲೆಯಿಂದ ಹೊರಗೆ ಹಾಕುತ್ತೇನೆ ಅಂತ. ಪಕ್ಕದಲ್ಲಿ ಕೂತಿದ್ದ ಅಹ್ಮದ್ ಮನೆಗೆ ಬಂದು ಚೀಲ ಬಿಚ್ಚಿದರೆ ಆ ಗೆಳೆಯನ ನೋಟ್‌ಬುಕ್ಕೂ ಅದರಲ್ಲೇ ಇದೆ. ಎರಡೂ ಒಂದೇ ಥರ ಇದ್ದವು, ಗೊತ್ತಾಗದೆ ತಂದುಬಿಟ್ಟಿದ್ದಾನೆ. ಗೆಳೆಯನ ಊರು ಗುಡ್ಡದ ಆಚೆ. ಮನೆ ಎಲ್ಲಿ ಅಂತ ಗೊತ್ತಿಲ್ಲ. ಅಮ್ಮನಿಗೆ ಹೇಳಿದರೆ ‘ಮೊದಲು ಹೋಂವರ್ಕ್ ಮಾಡು’ ಅನ್ನುತ್ತಾಳೆ. ಎರಡು ನಿಮಿಷಕ್ಕೆ ಇನ್ನೊಂದು ಕೆಲಸ ಹೇಳುತ್ತಾಳೆ. ಅವನು ಹೇಳಿದ್ದನ್ನೇ ಹೇಳುತ್ತಾನೆ, ಅವಳ ಕಿವಿಗೆ ಬೀಳುವುದೇ ಇಲ್ಲ. ನಮ್ಮ ಮನೆಗಳಲ್ಲಿ ದಿನಾ ನಡೆಯುವುದು ಇದೇ ಅಲ್ವಾ?

ಕೊನೆಗೆ ಹುಡುಗ ಓಡುತ್ತಾನೆ. ಬೋಳು ಗುಡ್ಡದ ಮೇಲೆ ಅಂಕುಡೊಂಕಾಗಿ ಹತ್ತುವ ಒಂದು ಕಾಲುದಾರಿ, ತುದಿಯಲ್ಲಿ ಒಂಟಿ ಮರ. ಆ ದಾರಿಯನ್ನು ಒಂದು ಸಲ ನೋಡಿದರೆ ಮರೆಯಲ್ಲ. ಊರಿಗೆ ಹಿಂದಿರುಗಿದರೆ ತಾತ ಅವನನ್ನು ತಡೆದು ಸಿಗರೇಟು ತರಲು ಕಳಿಸುತ್ತಾನೆ. ತಾತನ ಹತ್ತಿರ ಸಿಗರೇಟು ಇದೆ! ಹುಡುಗ ಅತ್ತ ಹೋದ ಮೇಲೆ ಪಕ್ಕದವನಿಗೆ ಹೇಳುತ್ತಾನೆ, ಸಿಗರೇಟು ಬೇಕಾಗಿರಲಿಲ್ಲ, ಹೇಳಿದ ಮಾತು ಕೇಳೋದನ್ನು ಕಲೀಲಿ ಅಂತ. ತನ್ನಪ್ಪ ವಾರಕ್ಕೊಂದು ಸಲ ಕಾಸು ಕೊಡುತ್ತಿದ್ದ, ಹದಿನೈದು ದಿನಕ್ಕೊಂದು ಸಲ ಹೊಡೆಯುತ್ತಿದ್ದ, ಕಾಸು ಕೊಡೋದು ಮರೆತರೂ ಹೊಡೆಯೋದು ಮರೆಯುತ್ತಿರಲಿಲ್ಲ ಅಂತ ನೆನೆಯುತ್ತಾನೆ. ಮುದುಕನ ಮೇಲೆ ನಮಗೆ ಸಿಟ್ಟು ಬರುತ್ತದೆ, ಮರುಕ್ಷಣವೇ ಪಾಪ ಅನಿಸುತ್ತದೆ. ಎರಡೂ ಒಟ್ಟಿಗೆ ಹುಟ್ಟುವ ಹಾಗೆ ಆ ಮಾತನ್ನು ಸಿನಿಮಾದಲ್ಲಿ ಇಟ್ಟಿದ್ದಾರೆ. ಇದನ್ನು ನೋಡಲು ಯಾವ ಓದೂ ಬೇಕಿಲ್ಲ. ಕೊನೆಯ ಶಾಟ್ ಏನು ಅಂತ ನಾನು ಹೇಳುವುದಿಲ್ಲ. ನೋಟ್‌ಬುಕ್ಕಿನ ಮೇಲೆ ಕಣ್ಣಿಟ್ಟಿರಿ.

ಒಂದು ವಾರ ಬಿಟ್ಟು ಎರಡನೆಯದು ಹಾಕಿ. 1990ರ ಜೂನ್‌ನಲ್ಲಿ ಅದೇ ಸೀಮೆಯಲ್ಲಿ ದೊಡ್ಡ ಭೂಕಂಪ ಆಗಿ ಸಾವಿರಾರು ಜನ ಸತ್ತರು. 1992ರ ಸಿನಿಮಾದಲ್ಲಿ ಒಬ್ಬ ನಿರ್ದೇಶಕ ಮಗನ ಜೊತೆ ಕಾರಿನಲ್ಲಿ ಹೊರಡುತ್ತಾನೆ, ಮೊದಲ ಸಿನಿಮಾದಲ್ಲಿ ಮಾಡಿದ್ದ ಹುಡುಗರು ಬದುಕಿದ್ದಾರಾ ಅಂತ ಹುಡುಕಲು. 1994ರ ಮೂರನೆಯದು ಎರಡನೆಯ ಸಿನಿಮಾದ ಒಂದೇ ಒಂದು ಸೀನಿನ ಶೂಟಿಂಗ್ ಸುತ್ತ ನಡೆಯುತ್ತದೆ. ಗಂಡನ ಪಾತ್ರದ ಹುಡುಗನಿಗೆ ಹೆಂಡತಿಯ ಪಾತ್ರದ ಹುಡುಗಿಯ ಮೇಲೆ ನಿಜವಾಗಿಯೂ ಮನಸ್ಸು. ಅವಳು ಅವನ ಜೊತೆ ಮಾತೇ ಆಡುವುದಿಲ್ಲ. ಒಂದು ಸಿನಿಮಾದ ಹೊಟ್ಟೆಯಿಂದ ಇನ್ನೊಂದು ಹುಟ್ಟಿ ಬಂದ ಹಾಗಿದೆ. ಬಿಡಿಬಿಡಿಯಾಗಿ ನೋಡಿದರೆ ಈ ಸಂಬಂಧ ಕೈಗೆ ಸಿಗುವುದಿಲ್ಲ. ಮೂರನ್ನೂ ಒಂದೇ ಸೆಟ್ಟಿನಲ್ಲಿಟ್ಟು ಕೊಟ್ಟಿದ್ದರಿಂದ ಸಿಗುತ್ತದೆ.

ಎರಡನೆಯ ತಿಂಗಳಿಗೆ ಜಪಾನಿನ ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’, 1953. ಓನೊಮಿಚಿ ಅನ್ನೋ ಊರಿನ ವಯಸ್ಸಾದ ಗಂಡ ಹೆಂಡತಿ ಮಕ್ಕಳನ್ನು ನೋಡಲು ಟೋಕಿಯೊಗೆ ಹೋಗುತ್ತಾರೆ. ಮಗ ಡಾಕ್ಟರ್, ಮಗಳದು ಬ್ಯೂಟಿ ಪಾರ್ಲರ್. ಯಾರಿಗೂ ಪುರುಸೊತ್ತಿಲ್ಲ. ಯುದ್ಧಕ್ಕೆ ಹೋಗಿ ತಿರುಗಿ ಬಾರದ ಮಗನ ಹೆಂಡತಿ ನೊರಿಕೊ ಒಬ್ಬಳೇ ಆಫೀಸಿಗೆ ರಜೆ ಹಾಕಿ ಅವರಿಗೆ ಊರು ತೋರಿಸುತ್ತಾಳೆ. ಆಮೇಲೆ ತನ್ನ ಒಂದು ಕೋಣೆಯ ಮನೆಗೆ ಕರೆದುಕೊಂಡು ಬರುತ್ತಾಳೆ. ಮಾವನಿಗೆ ಕೊಡಲು ಮನೆಯಲ್ಲಿ ಸಾಕೆ, ಅಂದರೆ ಅಕ್ಕಿಯ ಮದ್ಯ, ಇಲ್ಲ. ಸದ್ದಿಲ್ಲದೆ ಪಕ್ಕದ ಮನೆಗೆ ಹೋಗಿ ಸಾಕೆ ಸಾಲ ತರುತ್ತಾಳೆ. ಊಟಕ್ಕೆ ಬಡಿಸಿ, ತಾನು ತಿನ್ನದೆ ಪಕ್ಕದಲ್ಲಿ ಕೂತು ಇಬ್ಬರಿಗೂ ಬೀಸಣಿಗೆಯಿಂದ ಗಾಳಿ ಬೀಸುತ್ತಾಳೆ. ಯಾರೂ ‘ನೀನು ಎಷ್ಟು ಒಳ್ಳೆಯವಳು’ ಅಂತ ಹೇಳುವುದಿಲ್ಲ. ಸಂಗೀತ ಏರುವುದಿಲ್ಲ. ಆ ಬೀಸಣಿಗೆ ಅಷ್ಟೇ.

ಇದನ್ನು ನೋಡುವಾಗ ಕ್ಯಾಮೆರಾ ಎಲ್ಲಿದೆ ಅಂತ ಗಮನಿಸಿ. ನೆಲಕ್ಕೆ ಹತ್ತಿರ, ಚಾಪೆ ಮೇಲೆ ಕೂತವರ ಮಟ್ಟಕ್ಕಿಂತಲೂ ಸ್ವಲ್ಪ ಕೆಳಗೆ. ನೆಲದ ಮೇಲೆ ಕೂತು ಊಟ ಮಾಡಿ ಬೆಳೆದ ನಮ್ಮಂಥವರಿಗೆ ಆ ಕೋನ ಹೊಸದೇನಲ್ಲ. ನನಗೆ ಮೊದಲ ಸಲ ನೋಡಿದಾಗ ನಮ್ಮಜ್ಜಿ ಮನೆಯ ನಡುಮನೆಯಲ್ಲಿ ಕೂತ ಹಾಗೇ ಆಗಿತ್ತು.

ಈಗ ಡಿಸ್ಕ್ ಯಾಕೆ ಬೇಕು ಅನ್ನೋದಕ್ಕೆ ಬರುತ್ತೇನೆ. ಸಿನಿಮಾ ಮುಗಿದ ಮೇಲೆ ಒಂದು ದಿನ ಸುಮ್ಮನಿರಿ. ಮಾರನೆಯ ದಿನ ಡಿಸ್ಕ್‌ನ ಮೆನುವಿಗೆ ಹೋಗಿ. ಕ್ರೈಟೀರಿಯನ್ ಅನ್ನೋ ಅಮೆರಿಕದ ಡಿಸ್ಕ್ ಕಂಪನಿಯ ‘ಟೋಕಿಯೊ ಸ್ಟೋರಿ’ಯಲ್ಲಿ ‘ಟಾಕಿಂಗ್ ವಿತ್ ಓಜು’ ಅನ್ನೋ ನಲವತ್ತು ನಿಮಿಷದ ಒಂದು ಚಿತ್ರ ಇದೆ. ತೈವಾನಿನ ಹೊ ಶಿಯಾವೊ-ಶಿಯೆನ್, ಫಿನ್‌ಲೆಂಡಿನ ಅಕಿ ಕೌರಿಸ್ಮಾಕಿ, ಫ್ರಾನ್ಸಿನ ಕ್ಲೇರ್ ದೆನಿ, ಜರ್ಮನಿಯ ವಿಮ್ ವೆಂಡರ್ಸ್ ಮೊದಲಾದವರು ಓಜು ಬಗ್ಗೆ ಮಾತಾಡುತ್ತಾರೆ. ನಿಮಗೆ ಮುಂದಿನ ಒಂದು ವರ್ಷದ ದಾರಿ ಅಲ್ಲೇ ಸಿಕ್ಕಿತು. ಹೊ ಅವರು ಓಜು ನೂರನೇ ವರ್ಷಕ್ಕೆ ಅಂತ 2003ರಲ್ಲಿ ‘ಕೆಫೆ ಲೂಮಿಯೆರ್’ ಮಾಡಿದರು. ಕ್ಲೇರ್ ದೆನಿಯ ‘35 ಶಾಟ್ಸ್ ಆಫ್ ರಮ್’ ಅನ್ನುವ ಪ್ಯಾರಿಸ್ಸಿನ ಅಪ್ಪ ಮಗಳ ಕತೆ ಓಜು ಅವರ 1949ರ ‘ಲೇಟ್ ಸ್ಪ್ರಿಂಗ್’ನಿಂದ ಹುಟ್ಟಿದ್ದು. ಹಿಂದಕ್ಕೆ ಹೋಗುವ ದಾರಿಯೂ ಇದೆ. ಓಜು ಜೊತೆ ಚಿತ್ರಕತೆ ಬರೆದ ಕೊಗೊ ನೊಡಾ 1937ರ ಒಂದು ಹಾಲಿವುಡ್ ಸಿನಿಮಾ ನೋಡಿದ್ದರು. ಲಿಯೊ ಮೆಕ್ಯಾರಿಯ ‘ಮೇಕ್ ವೇ ಫಾರ್ ಟುಮಾರೊ’. ಅಲ್ಲೂ ಮಕ್ಕಳಿಗೆ ಬೇಡವಾದ ಅಪ್ಪ ಅಮ್ಮನೇ. ‘ಟೋಕಿಯೊ ಸ್ಟೋರಿ’ಯ ಬೀಜ ಅಲ್ಲಿತ್ತು. ನಿಮ್ಮ ಪಟ್ಟಿಯ ಮೂವತ್ತೊಂದನೇ ಸಾಲು ನೋಡಿ, ಅದೂ ಇದೆ. ಚಿಕ್ಕಪ್ಪ ಈ ದಾರಿಯಲ್ಲಿ ನಡೆದಿದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಅದರಿಂದ.

ದೇಶದ ಪ್ರಕಾರ, ಇಸವಿ ಪ್ರಕಾರ ಜೋಡಿಸಿಕೊಂಡು ನೋಡಲು ಹೋಗಬೇಡಿ, ಪರೀಕ್ಷೆಗೆ ಓದಿದ ಹಾಗಾಗುತ್ತದೆ. ಒಂದು ಸಿನಿಮಾದಿಂದ ಅದರ ನೆಂಟರ ಮನೆಗೆ ಹೋಗಿ. ನಂಟು ಯಾವುದು ಅಂತ ಡಿಸ್ಕ್‌ನಲ್ಲೇ ಬರೆದಿರುತ್ತದೆ.

ಕ್ರೈಟೀರಿಯನ್ ಕೇಸ್‌ನ ಬೆನ್ನ ಮೇಲಿರುವ ನಂಬರ್ ನೋಡಿ ಗಾಬರಿಯಾಗಬೇಡಿ. ಅದು ರ್‍ಯಾಂಕ್ ಅಲ್ಲ, ಬಿಡುಗಡೆಯ ಕ್ರಮಸಂಖ್ಯೆ. ನಂಬರ್ 1 ಝಾನ್ ರೆನ್ವಾರ್ ಅವರ ‘ಗ್ರ್ಯಾಂಡ್ ಇಲ್ಯೂಷನ್’, 1937ರದ್ದು. ಆದರೆ ನಂಬರ್ 1 ಬರುವ ಮುಂಚೆಯೇ ಎಷ್ಟೋ ನಂಬರುಗಳು ಅಂಗಡಿಗೆ ಬಂದವು. ಕಾರಣ ಸ್ವಾರಸ್ಯವಾಗಿದೆ. ಆ ಸಿನಿಮಾದ ಮೂಲ ನೆಗೆಟಿವ್ ಕಳೆದುಹೋಗಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಯುದ್ಧದ ಕಾಲದಲ್ಲಿ ಜರ್ಮನ್ನರು ಪ್ಯಾರಿಸ್ಸಿನಿಂದ ಅದನ್ನು ಬರ್ಲಿನ್‌ಗೆ ಒಯ್ದಿದ್ದರು. ಬರ್ಲಿನ್ ಬಿದ್ದಾಗ ರಷ್ಯನ್ನರು ಮಾಸ್ಕೋಗೆ ಒಯ್ದರು. 1960ರ ದಶಕದಲ್ಲಿ ಬೇರೆ ಸಿನಿಮಾಗಳ ಜೊತೆ ಫ್ರಾನ್ಸಿನ ತುಲೂಸ್ ಊರಿನ ಸಿನಿಮಾ ಭಂಡಾರಕ್ಕೆ ವಾಪಸ್ ಬಂತು. ಅದೇ ಮೂಲ ನೆಗೆಟಿವ್ ಅಂತ ಗೊತ್ತಾಗಿದ್ದು ಮಾತ್ರ 1990ರ ದಶಕದಲ್ಲಿ. ಡಿಸ್ಕ್ ತಯಾರಿಯಲ್ಲಿದ್ದವರು ಅದರಿಂದ ಮಾಡಿದ ಹೊಸ ಪ್ರತಿಗಾಗಿ ಕಾದರು.

ಹಳಗನ್ನಡ ಕಾವ್ಯ ಸಂಪಾದಿಸುವವರು ಹೇಗೆ ಕೆಲಸ ಮಾಡುತ್ತಾರೆ ಅಂತ ನಿಮಗೆ ಗೊತ್ತಿರಬಹುದು. ಬೇರೆ ಬೇರೆ ಊರಿನ ತಾಳೆಗರಿಗಳನ್ನು ಎದುರುಬದುರು ಇಟ್ಟುಕೊಳ್ಳುತ್ತಾರೆ. ಒಂದರಲ್ಲಿ ಹುಳ ತಿಂದ ಪದ್ಯ ಇನ್ನೊಂದರಲ್ಲಿ ಪೂರ್ತಿ ಇರುತ್ತದೆ. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಒಳ್ಳೆಯ ಡಿಸ್ಕ್ ಅಂದರೆ ಸಿನಿಮಾದ ಅಂಥದೇ ಸಂಪಾದಿತ ಪ್ರತಿ. ಕೇಸ್ ಒಳಗಿನ ಪುಟ್ಟ ಪುಸ್ತಕದ ಕೊನೆಯ ಪುಟ ಓದಿ. ಯಾವ ನೆಗೆಟಿವ್, ಎಲ್ಲಿಂದ ತಂದರು, ಯಾವ ಲ್ಯಾಬ್, ಎಲ್ಲಾ ಬರೆದಿರುತ್ತದೆ. ನಾನು ಹೊಸ ಡಿಸ್ಕ್ ಕೈಗೆ ಬಂದರೆ ಮೊದಲು ಓದುವುದು ಆ ಪುಟವನ್ನೇ.

ನಿಮ್ಮ ಹತ್ತಿರ ಇರುವ ರಾಯ್ ಸೆಟ್ಟಿನ ಆ ಪುಟ ಓದಿದರೆ ಮೈ ಜುಮ್ಮೆನ್ನುತ್ತದೆ. ‘ಪಥೇರ್ ಪಾಂಚಾಲಿ’, ‘ಅಪರಾಜಿತೋ’, ‘ಅಪುರ್ ಸಂಸಾರ್’ ಮೂರರ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಒಂದು ಲ್ಯಾಬ್‌ನ ಬೆಂಕಿಗೆ ಸಿಕ್ಕವು. ಸುಟ್ಟು ಕರಕಲಾದ ರೀಲುಗಳನ್ನು ಯಾರೂ ಕಸಕ್ಕೆ ಹಾಕಲಿಲ್ಲ. ಆಸ್ಕರ್ ಕೊಡುವ ಅಕಾಡೆಮಿಯವರು ಜೋಪಾನವಾಗಿ ಇಟ್ಟರು. ಇಪ್ಪತ್ತು ವರ್ಷದ ಮೇಲೆ ಇಟಲಿಯ ಬೊಲೊನ್ಯಾ ಊರಿನ ಲ್ಯಾಬ್‌ನಲ್ಲಿ ಅವನ್ನು ಬಿಚ್ಚಿದರು. ಒಣಗಿ ಸೆಟೆದಿದ್ದ ಫಿಲಂ ಅನ್ನು ಮೆತ್ತಗೆ ಮಾಡಿ, ಕರಗಿ ಅಂಟಿದ್ದ ಟೇಪು ಕೆರೆದು, ಅಂಚಿನ ಹರಿದ ತೂತುಗಳನ್ನು ಒಂದೊಂದಾಗಿ ಮತ್ತೆ ಕಟ್ಟಿದರು. ಹತ್ತಿರ ಹತ್ತಿರ ಒಂದು ಸಾವಿರ ಗಂಟೆ ಕೈಕೆಲಸ. ಕೊನೆಗೆ ‘ಪಥೇರ್ ಪಾಂಚಾಲಿ’ಯ ಶೇ. 40ರಷ್ಟು, ‘ಅಪರಾಜಿತೋ’ದ ಶೇ. 60ಕ್ಕಿಂತ ಜಾಸ್ತಿ ಭಾಗ ಆ ಸುಟ್ಟ ನೆಗೆಟಿವ್‌ನಿಂದಲೇ ಬಂತು. ಉಳಿದಿದ್ದನ್ನು ಬೇರೆ ಪ್ರತಿಗಳಿಂದ ತುಂಬಿದರು. ‘ಅಪುರ್ ಸಂಸಾರ್’ನ ಮೂಲ ಪೂರ್ತಿ ಕೈಬಿಟ್ಟಿತು, ಅದನ್ನು ಬೇರೆ ಪ್ರತಿಗಳಿಂದಲೇ ಮಾಡಿದ್ದು. 2015ರಲ್ಲಿ ಹೊಸ ಪ್ರತಿ ಬಂತು. ದುರ್ಗಾ, ಅಪು ಕಾಶ ಹುಲ್ಲಿನ ನಡುವೆ ರೈಲು ನೋಡಲು ಓಡುವ ಸೀನು ಹಾಕಿ. ಹೂವಿನ ಒಂದೊಂದು ಎಳೆ ಬೇರೆ ಬೇರೆ ಕಾಣುತ್ತದೆ. ಹಳೆಯ ಪ್ರತಿಗಳಲ್ಲಿ ಅದು ಬರೀ ಬಿಳಿ ಮಂಜಿನ ಥರ ಇತ್ತು.

ನಮ್ಮ ‘ಘಟಶ್ರಾದ್ಧ’ಕ್ಕೂ ಇಂಥ ಭಾಗ್ಯ ಬಂತು. ಗಿರೀಶ್ ಕಾಸರವಳ್ಳಿಯವರ ಆ 1977ರ ಸಿನಿಮಾವನ್ನು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಶುರು ಮಾಡಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈನ ಫಿಲಂ ಹೆರಿಟೇಜ್ ಫೌಂಡೇಶನ್ ಸೇರಿ ಸರಿಪಡಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದು ಒಳ್ಳೆಯ ಡಿಸ್ಕ್ ಆಗಿ ನಮ್ಮ ಕಪಾಟಿಗೆ ಬರಬೇಕು ಅನ್ನೋದು ನನ್ನ ಆಸೆ.

ಪಾಠಾಂತರದ ಇನ್ನೊಂದು ಉದಾಹರಣೆ ಕೂಡ ನಿಮ್ಮ ಪೆಟ್ಟಿಗೆಯಲ್ಲಿದೆ. ಕಾರ್ಲ್ ಡ್ರೆಯರ್ ಅವರ 1928ರ ಮೂಕಿ ಸಿನಿಮಾ ‘ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’. ಇದರ ಮೂಲ ನೆಗೆಟಿವ್ ಸುಟ್ಟುಹೋಗಿತ್ತು. 1981ರಲ್ಲಿ ನಾರ್ವೆಯ ಒಂದು ಮಾನಸಿಕ ಆಸ್ಪತ್ರೆಯ ಸಾಮಾನಿನ ಕೋಣೆಯಲ್ಲಿ ಒಂದು ಒಳ್ಳೆಯ ಪ್ರತಿ ಸಿಕ್ಕಿತು. ಮೂಕಿ ಸಿನಿಮಾಗಳನ್ನು ಯಾವ ವೇಗದಲ್ಲಿ ಓಡಿಸಬೇಕು ಅನ್ನೋದರ ಬಗ್ಗೆ ಯಾವಾಗಲೂ ಚರ್ಚೆ ಇದೆ. ಅದಕ್ಕೇ ಕ್ರೈಟೀರಿಯನ್ ಬ್ಲೂ-ರೇಯಲ್ಲಿ ಎರಡೂ ಕೊಟ್ಟಿದ್ದಾರೆ. ಸೆಕೆಂಡಿಗೆ 20 ಫ್ರೇಮಿನಲ್ಲಿ 97 ನಿಮಿಷ, 24 ಫ್ರೇಮಿನಲ್ಲಿ 81 ನಿಮಿಷ. ಮೊದಲ ಹತ್ತು ನಿಮಿಷ ಎರಡೂ ಥರ ನೋಡಿ. ಜೋನ್ ಕಣ್ಣು ಮಿಟುಕಿಸುವುದೇ ಬೇರೆ ಥರ ಅನಿಸುತ್ತದೆ. ನನಗೆ ನಿಧಾನದ್ದೇ ಇಷ್ಟ.

ಆನ್‌ಲೈನ್ ಬೇಡ ಅಂತ ನಾನು ಹೇಳುತ್ತಿಲ್ಲ. ಮುಬಿ ಅನ್ನೋ ಸಿನಿಮಾ ಸ್ಟ್ರೀಮಿಂಗ್ ಸೇವೆ 2019ರಲ್ಲಿ ಭಾರತಕ್ಕೆ ಬಂದಿದೆ, ನಾನೂ ನೋಡುತ್ತೇನೆ. ಆದರೆ ಇವತ್ತು ಇರುವ ಸಿನಿಮಾ ಬರುವ ತಿಂಗಳು ಇರುತ್ತೆ ಅಂತ ಗ್ಯಾರಂಟಿ ಇಲ್ಲ. ಫಿಲ್ಮ್‌ಸ್ಟ್ರಕ್ ಅಂತ ಅಮೆರಿಕದಲ್ಲಿ ಒಂದು ಒಳ್ಳೆಯ ಸೇವೆ ಇತ್ತು. 2016ರ ನವೆಂಬರ್‌ನಲ್ಲಿ ಶುರುವಾಯಿತು, 2018ರ ನವೆಂಬರ್‌ನಲ್ಲಿ ಮುಚ್ಚಿತು. ಆಮೇಲೆ 2019ರಲ್ಲಿ ಬಂದ ಕ್ರೈಟೀರಿಯನ್ ಚಾನೆಲ್ ಅಮೆರಿಕ ಮತ್ತು ಕೆನಡಾದವರಿಗೆ ಮಾತ್ರ. ಚಿತ್ರದ ಗುಣಮಟ್ಟವೂ ಬೇರೆ. ಬ್ಲೂ-ರೇಯಲ್ಲಿ ಸೆಕೆಂಡಿಗೆ 40 ಮೆಗಾಬಿಟ್‌ವರೆಗೂ ಚಿತ್ರದ ಮಾಹಿತಿ ಬರುತ್ತದೆ. ಸಾಮಾನ್ಯ ಎಚ್‌ಡಿ ಸ್ಟ್ರೀಮಿಂಗ್‌ನಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಮಂಜು, ಹೊಗೆ, ಕತ್ತಲೆ ಇರುವ ಸೀನುಗಳಲ್ಲಿ ಚಿತ್ರ ಸಣ್ಣ ಸಣ್ಣ ಚೌಕಗಳಾಗಿ ಒಡೆಯುವುದನ್ನು ನೀವೂ ನೋಡಿರುತ್ತೀರಿ.

ಎಲ್ಲೆಲ್ಲೋ ಸಿಗುವ ಪ್ರತಿಗಳನ್ನು ನಂಬುವುದು ಕಷ್ಟ. ನಾನು ಕುರೊಸಾವಾ ಅವರ ‘ಸೆವೆನ್ ಸಮುರಾಯ್’ ಮೊದಲು ನೋಡಿದ್ದು ನಮ್ಮೂರಿನ ಒಂದು ವಿಡಿಯೋ ಲೈಬ್ರರಿಯಿಂದ ಬಾಡಿಗೆಗೆ ತಂದ ವಿಸಿಡಿಯಲ್ಲಿ. ಚೆನ್ನಾಗಿದೆ, ಆದರೆ ಯಾಕೋ ಅವಸರ ಅನಿಸಿತ್ತು. ವರ್ಷಗಳಾದ ಮೇಲೆ ಪೂರ್ತಿ 207 ನಿಮಿಷದ ಡಿಸ್ಕ್ ಸಿಕ್ಕಿದಾಗ ಗೊತ್ತಾಯಿತು, ನಾನು ನೋಡಿದ್ದು ಕತ್ತರಿಸಿದ ಪ್ರತಿ. ರೈತರು ಸಮುರಾಯ್‌ಗಳನ್ನು ಹುಡುಕುತ್ತಾ ಪೇಟೆಯಲ್ಲಿ ಕಾಯುವ, ಕೈಯಲ್ಲಿದ್ದ ಅಕ್ಕಿ ಕರಗುತ್ತಾ ಬರುವ ಆ ಭಾಗವೇ ಅರ್ಧಕ್ಕರ್ಧ ಮಾಯವಾಗಿತ್ತು. ಅಷ್ಟು ವರ್ಷ ಆ ಸಿನಿಮಾ ನೋಡಿದ್ದೇನೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ. ನೋಡಿರಲಿಲ್ಲ.

ಸಬ್‌ಟೈಟಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಹಳ ಜನ ಸೋಲುವುದು ಇಲ್ಲೇ. ಇಂಗ್ಲಿಷ್ ಸಾಲು ಓದುತ್ತಾ ಚಿತ್ರ ನೋಡುವುದೇ ತಪ್ಪಿಹೋಗುತ್ತದೆ. ಒಂದು ಉಪಾಯ ಇದೆ. ಸಿನಿಮಾ ಮುಗಿದ ಮಾರನೆಯ ದಿನ ಮೊದಲ ಹತ್ತು ಹದಿನೈದು ನಿಮಿಷವನ್ನು ಸಬ್‌ಟೈಟಲ್ ಆಫ್ ಮಾಡಿ ಇನ್ನೊಂದು ಸಲ ನೋಡಿ. ಕತೆ ಹೇಗೂ ಗೊತ್ತು. ಆಗ ಮುಖ, ಕೈ, ಬಾಗಿಲು, ಬೆಳಕು ಎಲ್ಲಾ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಓದುವುದು ಕಷ್ಟ ಅಂದರೆ ನೀವೇ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಾ ಹೋಗಿ. ಇದಕ್ಕೆ ಸಂಕೋಚ ಬೇಡ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಜಗತ್ತಿನ ಸಿನಿಮಾ ನೋಡಿ ಅದರ ಬಗ್ಗೆ ವಾದ ಮಾಡಿದ್ದಾರೆ. ಅವರಿಗೆ ಆಗಿದ್ದು ನಿಮ್ಮ ಮನೆಯವರಿಗೆ ಯಾಕಾಗಲ್ಲ?

ಮುಂದೆ ಯಾವ ಹೊಸ ಡಿಸ್ಕ್ ಕೊಳ್ಳಲಿ ಅಂತ ಈಗಲೇ ಯೋಚಿಸಬೇಡಿ. ಎಪ್ಪತ್ತು ಅಂದರೆ ವಾರಕ್ಕೊಂದರಂತೆ ಒಂದೂವರೆ ವರ್ಷಕ್ಕೆ ಹತ್ತಿರ. ಆಮೇಲೂ ಬೇಕು ಅನಿಸಿದರೆ ಲಂಡನ್ನಿನ ಸೆಕೆಂಡ್ ರನ್ ಅನ್ನುವ ಪುಟ್ಟ ಕಂಪನಿ ನೋಡಿ. ಹಂಗೇರಿ, ಹಿಂದಿನ ಚೆಕೊಸ್ಲೊವಾಕಿಯಾ ಕಡೆಯ ಸಿನಿಮಾಗಳನ್ನು ಅಕ್ಕರೆಯಿಂದ ತರುತ್ತಾರೆ. ಅವರ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ರೀಜನ್ ಬೀಗ ಇರುವುದಿಲ್ಲ.

ಜೋಪಾನ ಮಾಡುವುದು ಕಷ್ಟ ಏನಲ್ಲ. ಪುಸ್ತಕದ ಥರ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲು ಬೀಳುವ ಕಿಟಕಿ ಪಕ್ಕ ಬೇಡ, ದಾವಣಗೆರೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಡಿಸ್ಕ್ ಹಿಡಿಯುವಾಗ ಅಂಚು ಮತ್ತು ನಡುವಿನ ತೂತು ಮಾತ್ರ ಮುಟ್ಟಿ. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಗುಂಡಗೆ ತಿರುಗಿಸಬೇಡಿ. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.1 ಮಿಲಿಮೀಟರ್ ಒಳಗಿರುತ್ತದೆ ಅಷ್ಟೇ. ಮೇಲೆ ಗಟ್ಟಿ ಲೇಪ ಇದ್ದರೂ ಉಜ್ಜಬೇಡಿ.

ಇನ್ನು ಆ ಚೀಟಿಗಳು. ಅವನ್ನು ದಯವಿಟ್ಟು ಎಸೆಯಬೇಡಿ, ಒಂದರ ಚೀಟಿ ಇನ್ನೊಂದರ ಒಳಗೆ ಹಾಕಬೇಡಿ. ನೀವು ಪಟ್ಟಿಯ ಕೊನೆಯಲ್ಲಿ ಎರಡು ಚೀಟಿಯ ಒಕ್ಕಣೆ ಬರೆದು ಕಳಿಸಿದ್ದೀರಿ. ಒಂದರಲ್ಲಿ ‘ಮೂರನೇ ಸಲ. ಬೀಸಣಿಗೆ’ ಅಂತ ಅಷ್ಟೇ ಇದೆ. ಅದು ಯಾವ ಕೇಸ್‌ನಲ್ಲಿ ಇತ್ತು ಅಂತ ನೀವು ಬರೆದಿಲ್ಲ, ಆದರೆ ನನಗೆ ಗೊತ್ತಾಯಿತು. ಈಗ ನಿಮಗೂ ಗೊತ್ತಾಗಿರಬೇಕು. ಚಿಕ್ಕಪ್ಪ ಊರಲ್ಲೇ ಇದ್ದಾರಲ್ಲ. ‘ಟೋಕಿಯೊ ಸ್ಟೋರಿ’ ಹಾಕುವ ದಿನ ಅವರನ್ನು ಮನೆಗೆ ಊಟಕ್ಕೆ ಕರೆಯಿರಿ, ಅವರಿಗೆ ಅದು ನಾಲ್ಕನೇ ಸಲ ಆಗಲಿ.